ಕಬ್ಬಿಣದ ಪೆಟ್ಟಿಗೆ, ಕಾಡಿನ ಹಲಗೆ

ಬೆಳಗಾವಿಯ ಟಿಳಕವಾಡಿಯನ್ನು ಹಿಂದಿಟ್ಟು ದಕ್ಷಿಣಾಭಿಮುಖವಾಗಿ ಖಾನಾಪುರದ ಕಡೆಗೆ ಸಾಗುವ ಮಾರ್ಗವು ಸುಮಾರು 26 ಕಿಲೋಮೀಟರುಗಳ ಅಲ್ಪ ಅಂತರದಲ್ಲಿಯೇ ಪರಸ್ಪರ ಭಿನ್ನವಾದ ಎರಡು ಲೋಕಗಳನ್ನು ಜೋಡಿಸುತ್ತದೆ. ಮೊದಲು ಎದುರಾಗುವುದು ಉದ್ಯಮಬಾಗ. ಎರಕದ ಮನೆಗಳು, ಲೇತಿನ ಶಾಲೆಗಳು, ಹೈಡ್ರಾಲಿಕ್ ಯಂತ್ರಗಳ ಬಿಡಿಭಾಗಗಳನ್ನು ಕೊರೆದು ಉಜ್ಜಿ ನಯಗೊಳಿಸುವ ಸಣ್ಣ-ದೊಡ್ಡ ಕಾರ್ಖಾನೆಗಳು ಒತ್ತೊತ್ತಾಗಿ ನಿಂತಿರುವ ಆ ವಸತಿಯ ಗಾಳಿಯಲ್ಲಿಯೂ ಕಾದ ಲೋಹದ ಮತ್ತು ಯಂತ್ರದ ಎಣ್ಣೆಯ ವಾಸನೆಯಿದೆ. ಪೀರನವಾಡಿ, ಮಚ್ಛೆಗಳನ್ನು ದಾಟಿದ ಮೇಲೆ ನೆಲದ ಬಣ್ಣವೂ ನೋಟವೂ ಬದಲಾಗುತ್ತವೆ; ಗದ್ದೆಗಳು, ಹೆಂಚಿನ ಭಟ್ಟಿಗಳು, ಅನಂತರ ಮಲಪ್ರಭೆಯ ದಂಡೆಯ ಖಾನಾಪುರ; ಅಲ್ಲಿಂದ ಮುಂದೆ ಜಾಂಬೋಟಿ, ನಾಗರಗಾಳಿ, ಲೋಂಡಾಗಳ ದಿಕ್ಕಿನಲ್ಲಿ ಸಾಗವಾನಿ, ಮತ್ತಿ, ನಂದಿ, ಹೊನ್ನೆ, ಜಂಬೆಗಳಿಂದ ತುಂಬಿದ ಸಹ್ಯಾದ್ರಿಯ ಅರಣ್ಯ. ಒಂದು ತುದಿಯಲ್ಲಿ ಕಬ್ಬಿಣ, ಇನ್ನೊಂದು ತುದಿಯಲ್ಲಿ ಕಟ್ಟಿಗೆ. ಈ ಎರಡನ್ನೂ ಮನೆಯ ಗ್ಯಾರೇಜಿನ ಗೋಡೆಯ ಪಕ್ಕಕ್ಕೆ ತಂದು ಒಂದೇ ವಸ್ತುವನ್ನಾಗಿ ಮಾಡುವ ಕಾರ್ಯದ ಕುರಿತು, ಎಂದರೆ ಉಕ್ಕಿನ ಹತಾರ ಪೆಟ್ಟಿಗೆಗಳೆರಡನ್ನು ಆಧಾರವಾಗಿರಿಸಿ ಅವುಗಳ ಮೇಲೆ ಮರದ ದಪ್ಪ ಹಲಗೆಯನ್ನು ಹೂಡಿ ಕೆಲಸದ ಬೆಂಚನ್ನು ನಿರ್ಮಿಸುವ ಕುರಿತು, ಸಾವಕಾಶವಾಗಿ ಬರೆಯಬೇಕೆಂಬುದು ನನ್ನ ಬಹುಕಾಲದ ಆಸೆ. ಈ ಊರಿನಲ್ಲಿ ಇರುವವನಿಗೆ ಇಂಥ ಬೆಂಚು ಸಿದ್ಧಿಸುವಷ್ಟು ಸುಲಭವಾಗಿ ಬೇರೆಡೆ ಸಿದ್ಧಿಸಲಾರದು. ಆದರೂ ನಮ್ಮ ಮನೆಗಳಲ್ಲಿ ಅದು ವಿರಳವಾಗಿದೆ.

ವಿರಳತೆಗೆ ಕಾರಣವು ನಮ್ಮ ಪರಂಪರೆಯಲ್ಲಿಯೇ ಇದೆ, ಮತ್ತು ಆ ಕಾರಣದಲ್ಲಿ ಅಗೌರವದ ಲೇಶವೂ ಇಲ್ಲ. ನಮ್ಮ ಬಡಿಗೇರನು ನೆಲದ ಮೇಲೆ ಕುಳಿತು ಕೆಲಸಮಾಡುವವನು. ಮರದ ತುಂಡನ್ನು ಪಾದಗಳ ನಡುವೆ ಒತ್ತಿ ಹಿಡಿದು, ಬಾಚಿಯಿಂದ ಸವರಿ, ಉಳಿಯಿಂದ ಕಂಡಿ ತೆಗೆದು, ಗೊರಡಿನಿಂದ ಉಜ್ಜುವ ಆತನಿಗೆ ತನ್ನ ಕಾಲ್ಬೆರಳುಗಳೇ ಇಕ್ಕಳ, ಹೆಬ್ಬಾಗಿಲ ಕಟ್ಟೆಯೇ ಕಾರ್ಯಶಾಲೆ. ಹೊಲದ ಕೂರಿಗೆಯನ್ನು ಹೊಲದಲ್ಲಿಯೇ, ಮನೆಯ ಕಂಬವನ್ನು ಮನೆಯ ಅಂಗಳದಲ್ಲಿಯೇ ಕಟ್ಟಿಕೊಡುತ್ತ ಊರಿಂದೂರಿಗೆ ಹೋಗುತ್ತಿದ್ದ ಕಸಬುದಾರನು ಎಂಬತ್ತು ಸೇರಿನ ಬೆಂಚನ್ನು ಹೊತ್ತು ತಿರುಗುವುದೆಂತು? ಪಾಶ್ಚಾತ್ಯರಲ್ಲಾದರೋ ಕೆಲಸದ ಬೆಂಚು ಪ್ರಾಚೀನವಾದದ್ದು. ಜರ್ಮನಿಯ ಸಾಲ್‌ಬರ್ಗಿನ ರೋಮನ್ ಕೋಟೆಯ ಬಾವಿಗಳಲ್ಲಿ ಅಂಥ ಬೆಂಚುಗಳು ದೊರೆತಿವೆ, ಮತ್ತು 1769ರಿಂದ ಪ್ರಕಟವಾಗತೊಡಗಿದ ಫ್ರಾನ್ಸಿನ ರೂಬೋ ಎಂಬ ಬಡಗಿಯ ಮಹಾಗ್ರಂಥದಲ್ಲಿ ಬೆಂಚಿನ ವರ್ಣನೆಯು ಸಚಿತ್ರವಾಗಿ ಬಂದಿದೆ. ನಮ್ಮ ಭಾಗಕ್ಕೆ ಅದು ಬಂದದ್ದು ಬಹುಮಟ್ಟಿಗೆ ರೈಲಿನೊಡನೆ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಮುಟ್ಟಿ, ಹುಬ್ಬಳ್ಳಿಯಲ್ಲಿ ಗಾಡಿಗಳ ದುರಸ್ತಿಯ ಕಾರ್ಯಾಗಾರವು ಸ್ಥಾಪಿತವಾದ ಮೇಲೆ, ಎದೆಯೆತ್ತಿ ನಿಂತು ಅರವನ್ನೆಳೆಯುವ, ವೈಸಿನಲ್ಲಿ ಲೋಹವನ್ನು ಬಿಗಿದು ಕೊರೆಯುವ ಕೆಲಸಗಾರರ ಒಂದು ಹೊಸ ಪೀಳಿಗೆಯು ಇಲ್ಲಿ ತಲೆಯೆತ್ತಿತು.

ಆ ಪೀಳಿಗೆಯ ನೆನಪಿನಲ್ಲಿ ಬೆಳಗಾವಿಯವರು ಮರೆಯಲಾಗದ ಹೆಸರೊಂದಿದೆ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಚಿತ್ರಕಲೆಯನ್ನು ಅಭ್ಯಸಿಸಲು ಹೋಗಿ, ಬಣ್ಣಗಳ ಭೇದವು ತಮ್ಮ ಕಣ್ಣಿಗೆ ಪೂರ್ಣವಾಗಿ ನಿಲುಕದೆಂದು ತಿಳಿದ ಮೇಲೆ ಯಂತ್ರಗಳ ರೇಖಾಚಿತ್ರವನ್ನು ಕೈವಶಮಾಡಿಕೊಂಡು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು, ಕೊನೆಗೆ ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ಲಿನ ಅಂಗಡಿಯನ್ನು ನಡೆಸಿದರು. ಆ ಸಾಮಾನ್ಯ ಅಂಗಡಿಯ ಮಗ್ಗುಲಿನ ಸಣ್ಣ ಕಾರ್ಯಶಾಲೆಯಲ್ಲಿಯೇ ಮೇವು ಕತ್ತರಿಸುವ ಯಂತ್ರವೂ, ಕಬ್ಬಿಣದ ನೇಗಿಲೂ ರೂಪುಗೊಂಡವು. ಕಬ್ಬಿಣವು ನೆಲವನ್ನು ವಿಷಮಯಗೊಳಿಸುವುದೆಂಬ ರೈತರ ಶಂಕೆಯನ್ನು ನಿವಾರಿಸಿ ಆ ನೇಗಿಲನ್ನು ಹೊಲಕ್ಕಿಳಿಸುವುದಕ್ಕೆ ಅವರು ಬಹಳ ಕಾಲ ತಾಳ್ಮೆಯಿಂದ ಕಾಯಬೇಕಾಯಿತು. ಪುರಸಭೆಯ ವಿಸ್ತರಣೆಗಾಗಿ ಇಲ್ಲಿಯ ಸ್ಥಳವನ್ನು ಬಿಡಬೇಕಾಗಿ ಬಂದಾಗ ಅವರು ಔಂಧ ಸಂಸ್ಥಾನದ ಆಶ್ರಯದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಇದನ್ನು ನಾನಿಲ್ಲಿ ಸ್ಮರಿಸುವುದು ಮಹಾಪುರುಷರ ಹೆಸರಿನಿಂದ ಲೇಖನಕ್ಕೆ ಕಳೆಯೇರಿಸುವುದಕ್ಕಾಗಿಯಲ್ಲ. ದೊಡ್ಡ ಉದ್ಯಮದ ಬೀಜವೊಂದು ಮನೆಗೆ ಅಂಟಿದ ಕೋಣೆಯಲ್ಲಿ, ಕೈಗೆಟಕುವಂತೆ ಹರಡಿದ ಹತಾರಗಳ ನಡುವೆ, ಈ ಊರಿನಲ್ಲಿಯೇ ಮೊಳೆಯಿತೆಂಬುದು ಗ್ಯಾರೇಜಿನಲ್ಲಿ ಕಾರಿನ ಹೊರತು ಬೇರೇನೂ ನಿಲ್ಲಬಾರದೆಂದು ನಂಬಿರುವ ಗೃಹಸ್ಥರಿಗೆ ತಿಳಿದಿರಲೆಂದು ಹೇಳುತ್ತಿದ್ದೇನೆ.

ಇನ್ನು ಪೆಟ್ಟಿಗೆಯ ವಿಷಯ. ಐದಾರು ಡ್ರಾವರುಗಳುಳ್ಳ, ಸೊಂಟದೆತ್ತರದ ಉಕ್ಕಿನ ಹತಾರ ಪೆಟ್ಟಿಗೆಗಳು ಹೊಸವಾಗಿಯೂ ದೊರೆಯುತ್ತವೆ. ಕಾರ್ಖಾನೆಯು ಸಾಮಾನು ಬದಲಿಸಿದಾಗ ಮೋಡಕಾ ಅಂಗಡಿಗೆ ಬಂದು ಬೀಳುವುದೂ ಉಂಟು. ತಗಡನ್ನು ಬಾಗಿಸಿ ಬೆಸೆಯುವ ಕಾರ್ಯಾಗಾರದಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳಲೂಬಹುದು. ಕೊಳ್ಳುವಾಗ ಬಣ್ಣದ ಹೊಳಪಿಗೆ ಮರುಳಾಗದೆ ತಗಡಿನ ದಪ್ಪವನ್ನು ಕೇಳತಕ್ಕದ್ದು. ಗೇಜಿನ ಅಂಕಿಯು ಕಡಿಮೆಯಾದಷ್ಟೂ ತಗಡು ದಪ್ಪವಾಗುವುದೆಂಬುದನ್ನು ನೆನಪಿನಲ್ಲಿಡಬೇಕು. 18 ಗೇಜಿನದು ಸುಮಾರು 1.2 ಮಿಲಿಮೀಟರು, 20 ಗೇಜಿನದು ಸುಮಾರು 0.9 ಮಿಲಿಮೀಟರು. ಪೆಟ್ಟಿಗೆಯ ಮೇಲುತುದಿಯನ್ನು ಎರಡು ಕೈಗಳಿಂದ ಹಿಡಿದು ಪಕ್ಕಕ್ಕೆ ನೂಕಿ ನೋಡಿದರೆ ಅದು ಓರೆಯಾಗಬಾರದು, ಓರೆಯಾದರೆ ಮೂಲೆಗಳ ಬೆಸುಗೆ ದುರ್ಬಲವೆಂದು ತಿಳಿಯಬೇಕು. ಬೇರಿಂಗುಳ್ಳ ಸ್ಲೈಡುಗಳ ಮೇಲೆ ಓಡುವ ಡ್ರಾವರು ಪೂರ್ಣವಾಗಿ ಹೊರಬಂದಾಗಲೂ ಮುಂದಕ್ಕೆ ಬಾಗದಂತಿದ್ದರೆ ಅದು ಭಾರವನ್ನು ತಾಳುವುದೆಂದು ಭರವಸೆ ಪಡಬಹುದು. ಎರಡೂ ಪೆಟ್ಟಿಗೆಗಳ ಎತ್ತರ ಒಂದೇ ಆಗಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಗಾಲಿಗಳನ್ನು ಬಿಚ್ಚಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ಗೊರಡನ್ನು ನೂಕುವಾಗ, ವೈಸಿನಲ್ಲಿ ಕಬ್ಬಿಣವನ್ನು ಬಿಗಿದು ಅರವನ್ನೆಳೆಯುವಾಗ, ಬೆಂಚು ಕೂದಲೆಳೆಯಷ್ಟು ಸರಿದರೂ ಕೈಯ ಬಲವೆಲ್ಲ ಆ ಸರಿದಾಟಕ್ಕೆ ವ್ಯಯವಾಗಿ ಹೋಗುತ್ತದೆ. ಗಾಲಿಯ ಸ್ಥಾನದಲ್ಲಿ ಮತ್ತಿಯ ಅಥವಾ ಹಳೆಯ ಸಾಗವಾನಿಯ ತೊಲೆತುಂಡುಗಳ ಪೀಠವನ್ನಿಟ್ಟು ಪೆಟ್ಟಿಗೆಯನ್ನು ಅದಕ್ಕೆ ಬೋಲ್ಟಿನಿಂದ ಬಿಗಿದರೆ, ಬೆಂಚು ಅಚಲವಾಗುವುದಲ್ಲದೆ ಆಷಾಢ-ಶ್ರಾವಣಗಳಲ್ಲಿ ನೆಲದಿಂದೇಳುವ ತೇವವು ತಗಡಿನ ತಳವನ್ನು ನೇರವಾಗಿ ತಿನ್ನಲಾರದು. ಗ್ಯಾರೇಜಿನ ನೆಲವು ನೀರು ಹರಿದು ಹೋಗಲೆಂದು ಬಾಗಿಲ ಕಡೆಗೆ ಇಳಿಜಾರಾಗಿರುವುದು ಸಾಮಾನ್ಯ. ಆದುದರಿಂದ ಪೀಠದ ಕೆಳಗೆ ಬೆಣೆಗಳನ್ನು ಕೊಟ್ಟು ಉದ್ದಕ್ಕೂ ಅಡ್ಡಕ್ಕೂ ರಸಮಟ್ಟವಿಟ್ಟು ಸರಿಪಡಿಸಿಕೊಳ್ಳಬೇಕು. ತುಂಬಿದ ಡ್ರಾವರುಗಳನ್ನು ಎರಡು-ಮೂರನ್ನು ಒಮ್ಮೆಗೇ ಸೆಳೆದರೆ ಪೆಟ್ಟಿಗೆಯು ಮುಂದಕ್ಕೆ ಮಗುಚುವ ಅಪಾಯವಿದೆ. ಹಲಗೆಯ ಭಾರವು ಅದನ್ನು ಕೆಲಮಟ್ಟಿಗೆ ತಡೆಯುವುದಾದರೂ, ಮಕ್ಕಳಿರುವ ಮನೆಯಲ್ಲಿ ಹಿಂಬದಿಯನ್ನು ಗೋಡೆಗೆ ಕಬ್ಬಿಣದ ಮೂಲೆಪಟ್ಟಿಯಿಂದ ಬಿಗಿಯದೆ ಇರಕೂಡದು. ಸುತ್ತಿಗೆ, ಸ್ಪ್ಯಾನರು, ಬೈರಿಗೆಗಳಂಥ ಭಾರದ ಸಾಮಗ್ರಿಗಳು ತಳದ ಖಾನೆಯಲ್ಲಿಯೂ, ಮೂಲೆಮಟ್ಟ, ಕೈವಾರ, ಗುರುತುಸೂಜಿಗಳು ಮೇಲಿನದರಲ್ಲಿಯೂ ಇರಬೇಕು.

ಎತ್ತರವನ್ನು ಪುಸ್ತಕದಿಂದ ಅಲ್ಲ, ಕೆಲಸಮಾಡುವವನ ದೇಹದಿಂದ ತೆಗೆದುಕೊಳ್ಳಬೇಕು. ಪಾದರಕ್ಷೆ ಹಾಕಿ ನೆಟ್ಟಗೆ ನಿಂತು ಕೈಗಳನ್ನು ಜೋತುಬಿಟ್ಟಾಗ ಮಣಿಕಟ್ಟು ಎಲ್ಲಿ ಬರುವುದೋ ಅಲ್ಲಿ ಹಲಗೆಯ ಮೇಲ್ಮೈ ಬಂದರೆ ಸಾಮಾನ್ಯ ಕೆಲಸಗಳಿಗೆ ಅನುಕೂಲ. ಐದೂವರೆ ಅಡಿಯ ಆಳಿಗೆ ಇದು ಸುಮಾರು 33 ಇಂಚು. ಗೊರಡು ಹಾಕುವುದೇ ಮುಖ್ಯವಾದರೆ ಇನ್ನಷ್ಟು ತಗ್ಗು, ಸಣ್ಣ ಯಂತ್ರಗಳ ರಿಪೇರಿಯೇ ಮುಖ್ಯವಾದರೆ ಇನ್ನಷ್ಟು ಎತ್ತರ. ಪೆಟ್ಟಿಗೆಯ ಎತ್ತರವನ್ನು ಬದಲಿಸಲಾಗದಾದ್ದರಿಂದ ಕೆಳಗಿನ ಪೀಠದಿಂದಲೇ ಈ ಲೆಕ್ಕವನ್ನು ಹೊಂದಿಸಬೇಕು.

ಹಲಗೆಯ ಪ್ರಕರಣಕ್ಕೆ ಬಂದರೆ ಮನಸ್ಸು ತಾನಾಗಿಯೇ ಖಾನಾಪುರದ ದಾರಿ ಹಿಡಿಯುತ್ತದೆ. ಬೆಳಗಾವಿ ಸೀಮೆಯ ಬಡಿಗೇರರು ಮೊದಲು ಹೇಳುವ ಹೆಸರು ಸಾಗವಾನಿ, ಮತ್ತು ಅದು ನಿಷ್ಕಾರಣವಲ್ಲ: ಒಣಗಿದ ಸಾಗವಾನಿಯ ತೂಕವು ಘನ ಮೀಟರಿಗೆ ಸುಮಾರು 650 ಕಿಲೋಗ್ರಾಂ, ಅದರ ಒಡಲಲ್ಲಿರುವ ಸಹಜವಾದ ಎಣ್ಣೆಯ ಅಂಶವು ಗೆದ್ದಲನ್ನು ದೂರವಿಡುತ್ತದೆ, ಋತುವಿನೊಡನೆ ಹಿಗ್ಗುವ ಕುಗ್ಗುವ ಗುಣವು ಉಳಿದ ಮರಗಳಿಗಿಂತ ಅದರಲ್ಲಿ ಕಡಿಮೆ. ಏಳಡಿ ಉದ್ದ, ಎರಡಡಿ ಅಗಲ, ಎರಡಂಗುಲ ದಪ್ಪದ ಹಲಗೆಗೆ ಎರಡೂ ಚಿಲ್ಲರೆ ಘನ ಅಡಿ ಕಟ್ಟಿಗೆ ಬೇಕು. ತೂಕ ನಲವತ್ತು ಕಿಲೋಗ್ರಾಮಿಗೆ ತುಸು ಹೆಚ್ಚು. ಆದರೆ ನನ್ನ ಪಕ್ಷಪಾತವು ಮತ್ತಿಯ ಕಡೆಗೆ. ಮೊಸಳೆಯ ಚರ್ಮದಂತೆ ಬಿರಿದ ತೊಗಟೆಯಿಂದ ಕಾಡಿನಲ್ಲಿ ಯಾರಾದರೂ ಗುರುತಿಸಬಹುದಾದ ಈ ಮರವು ಸಾಗವಾನಿಗಿಂತ ಬಹಳ ಭಾರವಾದದ್ದು, ಕಠಿನವಾದದ್ದು, ಬೆಲೆಯಲ್ಲಿ ಸೌಮ್ಯವಾದದ್ದು. ಕೆಲಸದ ಬೆಂಚಿಗೆ ಭಾರವೇ ಭೂಷಣ. ಅದರ ದೋಷಗಳನ್ನೂ ಮುಚ್ಚಿಡಲಾರೆ: ಆತುರದಿಂದ ಬಿಸಿಲಿನಲ್ಲಿ ಒಣಗಿಸಿದರೆ ಸೀಳುತ್ತದೆ, ಗೊರಡಿನ ಅಲಗನ್ನು ಬೇಗ ಮೊಂಡುಮಾಡುತ್ತದೆ. ನೆರಳಿನಲ್ಲಿ, ಹಲಗೆ-ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ಅಂಗುಲ ದಪ್ಪಕ್ಕೆ ವರುಷವೆಂಬ ಹಳೆಯ ಲೆಕ್ಕದಂತೆ ಕಾದವರಿಗೆ ಮಾತ್ರ ಅದು ಒಲಿಯುತ್ತದೆ. ಬೀಟೆಯ ಮರವನ್ನು ಬೆಂಚಿಗೆ ಬಳಸುವುದನ್ನಂತೂ ನಾನು ಒಪ್ಪಲಾರೆ. ನೂರಾರು ವರ್ಷ ಬೆಳೆಯುವ, ಕಾಡಿನಲ್ಲಿ ಕ್ಷೀಣಿಸುತ್ತಿರುವ ಆ ವೃಕ್ಷವನ್ನು ಸುತ್ತಿಗೆಯ ಏಟಿಗೆ ಒಡ್ಡುವುದು ದುರ್ವಿನಿಯೋಗವೇ ಸರಿ.

ಕಟ್ಟಿಗೆಯನ್ನು ಎಲ್ಲಿಂದ ಪಡೆಯಬೇಕೆಂಬ ಪ್ರಶ್ನೆಯಲ್ಲಿ ಸಂಕೋಚಕ್ಕೆ ಎಡೆಯಿರಬಾರದು. ಭೀಮಗಡದ ಸುತ್ತಲಿನ ಕಾಡು 2011ರಲ್ಲಿ ವನ್ಯಧಾಮವೆಂದು ಘೋಷಿತವಾಗಿದೆ. ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟಿ ಬಯಲುಸೀಮೆಗೆ ನೀರು ತರುವುದು ಈ ಕಾಡು ನಿಂತಿರುವುದರಿಂದ. ಅಲ್ಲಿಂದ ರಾತ್ರೋರಾತ್ರಿ ಇಳಿದುಬಂದ ಅಗ್ಗದ ಹಲಗೆಯ ಮೇಲೆ ನಿರ್ಮಲವಾದ ಯಾವ ಕೆಲಸವೂ ನಡೆಯಲಾರದು. ಅರಣ್ಯ ಇಲಾಖೆಯ ನಾಟಾ ಸಂಗ್ರಹಾಲಯದ ಹರಾಜಿನಿಂದ ಬಂದ, ಪಾಸು ಮತ್ತು ರಸೀದಿಗಳುಳ್ಳ ಮಾಲನ್ನು ಸಾ ಮಿಲ್ಲಿನಿಂದ ಕೊಳ್ಳಬೇಕು. ಇಲ್ಲವೇ, ಇದಕ್ಕಿಂತ ಉತ್ತಮವಾಗಿ, ಕೆಡವಿದ ಹಳೆಯ ಮನೆಗಳ ತೊಲೆಗಳನ್ನು ಹುಡುಕಬೇಕು. ಬೆಳಗಾವಿಯ ಹಳೆಯ ಪೇಟೆಗಳಲ್ಲಿ, ಖಾನಾಪುರದ ಹಳ್ಳಿಗಳಲ್ಲಿ, ಹೆಂಚಿನ ಮಾಡು ಇಳಿದು ಸ್ಲ್ಯಾಬು ಏರುವಾಗಲೆಲ್ಲ ಎರಡು-ಮೂರು ತಲೆಮಾರು ಹೊಗೆಯಲ್ಲಿ, ನೆರಳಿನಲ್ಲಿ ಮಾಗಿದ ಸಾಗವಾನಿಯು ಹೊರಬೀಳುತ್ತದೆ. ಅಂಥ ತೊಲೆಯನ್ನು ಕೊಯ್ಯಿಸುವ ಮೊದಲು ಅಯಸ್ಕಾಂತವನ್ನು ಅದರ ಮೈಯುದ್ದಕ್ಕೂ ಆಡಿಸಿ, ಒಳಗೆ ಅಡಗಿದ ಮೊಳೆಗಳನ್ನೆಲ್ಲ ಕಿತ್ತು ತೆಗೆಯತಕ್ಕದ್ದು. ಗರಗಸದ ಹಲ್ಲಿಗೆ ಒಂದು ಮೊಳೆ ಸಿಕ್ಕರೂ ಹಲ್ಲು ಮುರಿಯುವುದಷ್ಟೇ ಅಲ್ಲ, ಮಿಲ್ಲಿನವನ ಪ್ರಾಣಕ್ಕೂ ಅಪಾಯ.

ಇಷ್ಟೆಲ್ಲ ಸಂಗ್ರಹವಾದ ಮೇಲೆ ಬರುವ ಸಂಧಿಕಾರ್ಯದಲ್ಲಿಯೇ ಇಡೀ ಬೆಂಚಿನ ಹಣೆಬರಹವು ಅಡಗಿದೆ. ಕಬ್ಬಿಣವೂ ಕಟ್ಟಿಗೆಯೂ ಸ್ವಭಾವದಲ್ಲಿ ಒಂದನ್ನೊಂದು ಹೋಲುವವಲ್ಲ. ಎರಡಡಿ ಅಗಲದ ಉಕ್ಕಿನ ಪೆಟ್ಟಿಗೆಯು ಚಳಿಗಾಲದಿಂದ ಬೇಸಗೆಗೆ ಹಿಗ್ಗುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಅದನ್ನು ಕಣ್ಣು ಕಾಣದು, ಕೈ ಅರಿಯದು. ಕಟ್ಟಿಗೆಯಾದರೋ ಶಾಖಕ್ಕಿಂತ ತೇವಕ್ಕೆ ಮಣಿಯುವಂಥದು. ಬೆಳಗಾವಿಯ ಚೈತ್ರ-ವೈಶಾಖಗಳ ಒಣಗಾಳಿಯಲ್ಲಿ ಅದರ ತೇವಾಂಶವು ಶೇಕಡಾ 9ರ ಆಸುಪಾಸಿಗೆ ಇಳಿದು, ದಿನಗಟ್ಟಲೆ ಸೂರ್ಯನನ್ನು ಕಾಣದ ಶ್ರಾವಣದಲ್ಲಿ 15ರವರೆಗೆ ಏರಬಹುದು. ಈ ಆರು ಅಂಶಗಳ ವ್ಯತ್ಯಾಸಕ್ಕೆ, ಅಡ್ಡಸೀಳಿನ ಸಾಗವಾನಿಯ ಎರಡಡಿ ಅಗಲದ ಹಲಗೆಯು ಆರೇಳು ಮಿಲಿಮೀಟರು, ಬಡಿಗೇರರ ಭಾಷೆಯಲ್ಲಿ ಎರಡು ಸೂತ, ಅಗಲವಾಗುತ್ತದೆ. ವರ್ಷಬಳೆಗಳು ನೆಟ್ಟಗೆ ನಿಲ್ಲುವಂತೆ ಕೊಯ್ದ ಹಲಗೆಯಾದರೆ ಇದರ ಅರ್ಧ. ಉದ್ದದಲ್ಲಿ ಮಾತ್ರ ಬದಲಾವಣೆ ನಗಣ್ಯ. ಈ ಎರಡು ಸೂತದ ಚಲನೆಯನ್ನು ತಡೆಯಬಲ್ಲ ಬೋಲ್ಟು ಯಾವುದೂ ಇಲ್ಲ. ತಡೆದರೆ ಹಲಗೆ ಸೀಳುತ್ತದೆ ಅಥವಾ ಪೆಟ್ಟಿಗೆಯ ತಗಡು ಸೊಟ್ಟಗಾಗುತ್ತದೆ.

ನನ್ನ ಗ್ಯಾರೇಜಿನ ಬೆಂಚಿಗೆ ಹಲಗೆ ಕೂಡಿಸಿಕೊಟ್ಟ ಖಾನಾಪುರ ಕಡೆಯ ವೃದ್ಧ ಮಿಸ್ತ್ರಿಯು ಯಾವ ಕೋಷ್ಟಕವನ್ನೂ ನೋಡಿದವನಲ್ಲ. ನಾನು ನಾಲ್ಕೂ ಮೂಲೆಗಳನ್ನು ಬಿಗಿಯಾಗಿ ಬಂಧಿಸೋಣವೆಂದಾಗ ಆತನು ಸ್ಕ್ರೂಗಳನ್ನು ಪಕ್ಕಕ್ಕಿಟ್ಟು, "ಬ್ಯಾಡ್ರಿ ಕಾಕಾ, ಮಳಿಗಾಲದಾಗ ಕಟ್ಟಿಗಿ ಉಬ್ಬತೈತಿ. ಮುಂದ ಗಟ್ಟಿ ಹಿಡಸೂಣು, ಹಿಂದ ಜಾಗಾ ಬಿಡೂಣು" ಎಂದನು. ಆ ಒಂದು ಮಾತಿನಲ್ಲಿ ಇಡೀ ವಿಧಾನವೇ ಇತ್ತು. ಮುಂಭಾಗದ ಸಾಲಿನಲ್ಲಿ ಸಾಧಾರಣ ರಂಧ್ರಗಳಿಂದ ಹಲಗೆಯನ್ನು ಬಿಗಿಯಾಗಿ ಹಿಡಿಸಿ, ಹಿಂಭಾಗದ ಸಾಲಿನಲ್ಲಿ ಹಲಗೆಯ ಅಗಲದ ದಿಕ್ಕಿಗೆ ಉದ್ದವಾದ ಕಂಡಿಗಳನ್ನು ಕೊರೆದು ದೊಡ್ಡ ವಾಶರಿನ ಮೇಲೆ ಸ್ಕ್ರೂವನ್ನು ನಿಲ್ಲಿಸಿದರೆ, ಹಲಗೆಯ ಮುಂದಿನ ಅಂಚು ಡ್ರಾವರುಗಳ ಮುಖಕ್ಕೆ ಸಮನಾಗಿಯೇ ಉಳಿದು ಹಿಗ್ಗುವುದೆಲ್ಲ ಹಿಂದಕ್ಕೆ ಹೋಗುತ್ತದೆ; ಗೋಡೆಗೂ ಹಲಗೆಗೂ ನಡುವೆ ಅರ್ಧ ಇಂಚು ತೆರಪು ಬಿಟ್ಟಿದ್ದರೆ ಸಾಕು. ಸ್ಕ್ರೂಗಳನ್ನು ಹಾಕುವುದು ಪೆಟ್ಟಿಗೆಯ ಮೇಲಿನ ಡ್ರಾವರನ್ನು ಹೊರತೆಗೆದು ಒಳಗಿನಿಂದ ಮೇಲ್ಮುಖವಾಗಿ. ಹೀಗಾದ್ದರಿಂದ ಹಲಗೆಯ ಮೇಲ್ಮೈಯಲ್ಲಿ ಗೊರಡಿಗೆ ತಗಲುವ ಲೋಹವೇ ಇರುವುದಿಲ್ಲ. ಪೆಟ್ಟಿಗೆಯ ನೆತ್ತಿಯ ತಗಡು ತೆಳುವಾಗಿದ್ದಲ್ಲಿ ಅದರ ಮೇಲೆ 18 ಮಿಲಿಮೀಟರಿನ ಪ್ಲೈವುಡ್ಡನ್ನು ಅಂಚಿನಿಂದಂಚಿಗೆ ಹಾಸಿ, ಭಾರವು ನೆತ್ತಿಗೆ ಬೀಳದೆ ನಿಂತ ಪಕ್ಕಗಳ ಮೇಲೆ ಇಳಿಯುವಂತೆ ಮಾಡಬೇಕು. ಮತ್ತಿ, ಹೊನ್ನೆಗಳಲ್ಲಿರುವ ಒಗರಿನ ಅಂಶವು ಒದ್ದೆಯಾದ ಕಬ್ಬಿಣವನ್ನು ಸೋಕಿದಲ್ಲಿ ಕಪ್ಪು ಕಲೆಯನ್ನು ಬಿಡುವುದರಿಂದ ಆ ಮರಗಳಿಗೆ ಹಿತ್ತಾಳೆಯ ಸ್ಕ್ರೂ ಯೋಗ್ಯ. ಕಬ್ಬಿಣದ್ದೇ ಆದರೆ ಮೇಣ ಸವರಿ ಹಾಕಬೇಕು.

ಎರಡು ಪೆಟ್ಟಿಗೆಗಳ ನಡುವೆ ಮೊಳಕಾಲಿಗೆ ಜಾಗವೆಂದು ಬಿಡುವ ತೆರಪಿನಲ್ಲಿ ಹಲಗೆಯು ಜೋತುಬೀಳುವುದೇ ಎಂಬ ಭಯ ಅನೇಕರಿಗೆ. ದಪ್ಪವು ಇಮ್ಮಡಿಯಾದರೆ ಹಲಗೆಯ ಬಿಗಿತವು ಎಂಟ್ಮಡಿಯಾಗುವುದು. ಆದುದರಿಂದ ಅಗಲದಲ್ಲಿ ಉಳಿತಾಯ ಮಾಡಿದರೂ ದಪ್ಪದಲ್ಲಿ ಮಾಡಬಾರದು. ಎರಡಂಗುಲ ದಪ್ಪದ ಹಲಗೆಗೆ ಎರಡಡಿಯ ತೆರಪು ಲೆಕ್ಕಕ್ಕೇ ಇಲ್ಲ. ವೈಸನ್ನು ಮಾತ್ರ ಈ ತೆರಪಿನ ಮೇಲೆ ಕೂರಿಸಬಾರದು. ಸುತ್ತಿಗೆಯ ಪೆಟ್ಟು ನೇರವಾಗಿ ನೆಲಕ್ಕಿಳಿಯುವಂತೆ ಪೆಟ್ಟಿಗೆಯ ಹೊರಮೂಲೆಯ ಮೇಲೆ ಅದರ ಸ್ಥಾನ, ಮತ್ತು ಅದರ ಬೋಲ್ಟುಗಳು ಹಲಗೆಯನ್ನು ತೂರಿ ಕೆಳಗೆ ಕಬ್ಬಿಣದ ಪಟ್ಟಿಯಲ್ಲಿ ಮುಗಿಯಬೇಕು.

ಮೇಲ್ಮೈಗೆ ಕನ್ನಡಿಯಂತೆ ಹೊಳೆಯುವ ಪಾಲಿಶು ಬೇಡ. ಜಾರುವ ಬೆಂಚು ನಿರುಪಯುಕ್ತ. ನಮ್ಮ ಉತ್ತರ ಕರ್ನಾಟಕದ ಹೊಲಗಳ ಅಗಸಿಯ ಎಣ್ಣೆಯನ್ನು, ಬೇಗ ಒಣಗುವಂತೆ ಸಂಸ್ಕರಿಸಿದ್ದನ್ನು, ಮೇಲ್ಮೈಗೂ ಅಡಿಮೈಗೂ ಸಮವಾಗಿ ಬಳಿಯಬೇಕು; ಮೇಲಷ್ಟೇ ಬಳಿದರೆ ಕೆಳಗಿನಿಂದ ತೇವವನ್ನು ಹೀರಿ ಹಲಗೆಯು ಬಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯುವುದು ಪ್ರಾಣಾಂತಿಕವಾದ ಅಜಾಗರೂಕತೆ: ಅಗಸಿಯ ಎಣ್ಣೆಯು ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ಬಿಸಿಯೇರುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲಾರದೆ ಬೆಂಕಿಯಾಗಿ ಹೊತ್ತುವುದುಂಟು. ಬಟ್ಟೆಯನ್ನು ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿದ ಮೇಲೆಯೇ ಎಸೆಯತಕ್ಕದ್ದು. ಡ್ರಾವರುಗಳೊಳಗಿನ ಹತಾರಗಳಿಗೆ ಮಿರಗದ ಮಳೆ ಬೀಳುವ ಮೊದಲೇ ತೆಳುವಾದ ಎಣ್ಣೆಯ ಕೈ ಆಡಿಸಿಟ್ಟರೆ ತುಕ್ಕಿನ ಬಾಧೆ ಬಹುಮಟ್ಟಿಗೆ ತಪ್ಪುತ್ತದೆ.

ಹೊಸ ಬೆಂಚನ್ನು ಬೇಸಗೆಯಲ್ಲಿ ಕೂಡಿಸಿದವರು ಒಂದು ಪೂರ್ಣ ಮಳೆಗಾಲ ಕಳೆಯುವವರೆಗೆ ಮೇಲ್ಮೈಯ ಅಂತಿಮ ಮಟ್ಟವನ್ನು ಮುಂದೂಡುವುದು ವಿಹಿತ. ದೀಪಾವಳಿ ಮುಗಿದು ಗಾಳಿ ಒಣಗಿ ಹಲಗೆಯು ತನ್ನ ಸ್ಥಿತಿಗೆ ಮರಳಿದ ಮೇಲೆ, ನೇರವಾದ ಪಟ್ಟಿಯೊಂದನ್ನು ಮೂಲೆಯಿಂದ ಮೂಲೆಗೆ ಇಟ್ಟು ಬೆಳಕು ನುಸುಳುವ ಎಡೆಗಳನ್ನು ಸೀಸದಕಡ್ಡಿಯಿಂದ ಗುರುತಿಸಿ, ಉಬ್ಬುಗಳ ಮೇಲೆ ಉದ್ದನೆಯ ಗೊರಡನ್ನು ಮೊದಲು ಅಡ್ಡಕ್ಕೆ, ಅನಂತರ ಎಳೆಯುದ್ದಕ್ಕೆ ನಡೆಸಿ ಸಮಮಾಡಿ, ಎಣ್ಣೆಯ ಇನ್ನೊಂದು ಕೈ ಕೊಡಬೇಕು. ಹಿಂಬದಿಯ ಸ್ಕ್ರೂಗಳು ಕಂಡಿಯಲ್ಲಿ ಎಷ್ಟು ಸರಿದಿವೆಯೆಂಬುದನ್ನು ಆಗಲೇ ಡ್ರಾವರು ತೆಗೆದು ನೋಡಿ, ಬೇಕಾದರೆ ಕಂಡಿಯನ್ನು ಒಂದು ಸೂತ ಉದ್ದಮಾಡಿಕೊಳ್ಳಬೇಕು.